ಹೆಸರು ಹಿಡಿದು ಕರೆಯದವಳು

ಎಲೆಯ ಅಂಟು ಬೆರಳಿಗೆ ಹತ್ತಿದೆ, ದಬ್ಬಳ ಒಂದೊಂದೇ ಹೊಗೆಸೊಪ್ಪಿನ ದಂಟನ್ನು ತೂರಿ ಹೋಗುತ್ತಿದೆ, ಒಳಗೆ ತೊಟ್ಟಿಲಲ್ಲಿ ಮೊಮ್ಮಗ ಕುಂಯ್ ಅನ್ನುತ್ತಿದ್ದಾನೆ — ಕಿರಿಯ ಮಗ ನಾಸೀಫ ಹೊಸ್ತಿಲಲ್ಲಿ ನಿಂತು ಬೆಳಿಗ್ಗೆಯಿಂದ ಮೂರನೇ ಸಲ ಕೇಳುತ್ತಿದ್ದಾನೆ, ಅಮ್ಮ, ಭಾನುವಾರ ಜ್ಞಾನಸ್ನಾನ, ಪಾದ್ರಿಗಳಿಗೆ ಹೆಸರು ಹೇಳಬೇಕು, ಅಣ್ಣನ ಹೆಸರೇ ಇಡಲಾ, ನೀನು ಬೇಡ ಅಂದರೆ ಬೇಡ. ಅಣ್ಣನ ಹೆಸರು. ನೀಲಿ ಅಂಗಿಯ ಬೆನ್ನು. ಆ ಹೆಸರು ತಂದವರು ನನ್ನ ಗಂಡ, ಸೂರ್ ಪಟ್ಟಣದ ದಾರಿಯಲ್ಲಿ ಹೀರಾಮ ರಾಜನದೆಂದು ಜನ ಹೇಳುವ ಕಲ್ಲುಗೋರಿಯ ನೆರಳಿಗೆ ಕತ್ತೆ ನಿಲ್ಲಿಸಿ, ಮೂರು ಸಾವಿರ ವರ್ಷ ಸವೆಯದ ಹೆಸರು ಕಣೇ, ನಮ್ಮ ಮಗನ ಕಾಲಕ್ಕೆ ಸವೆದೀತೇ, ಅಂದಿದ್ದರು; ಪಕ್ಕದ ಹೊಲದ ವರ್ದೆ ನಕ್ಕಿದ್ದಳು, ರಾಜನ ಹೆಸರಿಟ್ಟು ಸೊಪ್ಪು ಪೋಣಿಸೋಕೆ ಕೂರಿಸ್ತೀರಲ್ಲೇ, ಕಿರೀಟಕ್ಕೆ ಅಂಟು ಹತ್ತೀತು. ಅವತ್ತಿನಿಂದ ಊರಿಗೆಲ್ಲ ನಾನು ಹೀರಾಮನ ತಾಯಿ, ಅವನು ಹೋಗಿ ಹನ್ನೊಂದು ವರ್ಷವಾದರೂ ಹೀರಾಮನ ತಾಯಿ, ಭಾನುವಾರದಿಂದ ಆ ಕರೆ ಸೊಸೆಗೆ ಹೋಗುತ್ತದೆ, ನಾನು ಯಾರ ತಾಯಿ. ಆದರೆ ನಾನು ಅವನನ್ನು ಯಾವತ್ತು ಹೀರಾಮ ಅಂದೆ, ನಮ್ಮಲ್ಲಿ ಹೆತ್ತವಳು ಮಗನನ್ನು ಕರೆಯುವುದೂ ಅಮ್ಮಾ ಎಂದೇ, ಅಜ್ಜಿ ಮೊಮ್ಮಗನನ್ನು ಕರೆಯುವುದೂ ಅಜ್ಜೀ ಎಂದೇ, ಏಳು ಅಮ್ಮಾ, ಉಣ್ಣು ಅಮ್ಮಾ, ಮೀಸೆ ಬಂದ ಮೇಲೂ ಅಮ್ಮಾ.

ಆ ಬೆಳಿಗ್ಗೆಯೂ — ಯುದ್ಧ ನಿಂತ ವಾರ, ಸೊಪ್ಪು ಬಲಿತು ಹಳದಿಯಾಗುತ್ತಿತ್ತು, ಸಿಡಿಯದ ಬಾಂಬು ಬಿದ್ದಿವೆ, ಅಂಜೂರದ ಮರ ದಾಟಬೇಡಿ ಎಂದು ಸಿಪಾಯಿಗಳು ಹೇಳಿ ಹೋಗಿದ್ದರು, ಹೊಲದಲ್ಲಿ ನಾವು ನಾಲ್ಕು ತಾಯಂದಿರು, ನಮ್ಮ ನಮ್ಮ ಮಕ್ಕಳು, ನನ್ನವನು ಸಾಲು ಹಿಡಿದು ಬಗ್ಗಿ ಕೀಳುತ್ತ ಕೀಳುತ್ತ ಮರ ದಾಟಿದ, ಹತ್ತೊಂಬತ್ತು ವರ್ಷದವನು, ನಾನು ಈ ಕಡೆಯಿಂದ ಕೂಗಿದೆ, ಅಮ್ಮಾ, ಬಾ ಈಚೆ, ಅಮ್ಮಾ. ವರ್ದೆಯ ಮಗ ತಿರುಗಿದ. ಇನ್ನಿಬ್ಬರೂ ತಿರುಗಿದರು. ಇವನೊಬ್ಬ, ಯಾವಳೋ ತನ್ನ ಮಗನನ್ನು ಕರೆಯುತ್ತಿದ್ದಾಳೆ ಅಂದುಕೊಂಡನೋ ಏನೋ, ನೀಲಿ ಅಂಗಿಯ ಬೆನ್ನು ಹಾಗೇ ಮುಂದೆ ಹೋಯಿತು, ಆಮೇಲೆ ಮಣ್ಣು ಎದ್ದಿತು. ಹೆಸರು ಬಾಯಲ್ಲೇ ಇತ್ತು, ಕೂಗಿದ್ದರೆ ಆ ಹೊಲದಲ್ಲಿ ತಿರುಗುವವನು ಅವನೊಬ್ಬನೇ — ಇದನ್ನು ಗಂಡನಿಗೂ ಹೇಳಲಿಲ್ಲ, ಅವರು ಸಾಯುವವರೆಗೂ ಹೇಳಲಿಲ್ಲ.

ಇಡು, ಅಂದೆ ನಾಸೀಫನಿಗೆ, ಆದರೆ ಹೆಸರು ಹಿಡಿದೇ ಕರೀಬೇಕು, ಅವನ ತಾಯಿಗೂ ಹೇಳು. ನೀನು ಕರೀತೀಯಾ ಅಮ್ಮ, ಅಂದ. ಮಗು ಅಳತೊಡಗಿತು, ದಬ್ಬಳ ಕೆಳಗಿಟ್ಟೆ, ತೊಟ್ಟಿಲ ಮೇಲೆ ಬಗ್ಗಿದೆ, ಬಾಯಿಗೆ ಬಂದದ್ದು ಅಜ್ಜೀ, ಅಳಬೇಡ ಅಜ್ಜೀ, ಅದನ್ನು ನುಂಗಿಕೊಂಡೆ, ಹೀರಾಮ, ಅಂದೆ, ದೊಡ್ಡವನನ್ನು ಹೆತ್ತು ಮೂವತ್ತು ವರ್ಷಕ್ಕೆ ಮೊದಲ ಸಲ, ಮಗು ಅಳು ನಿಲ್ಲಿಸಿ ಇತ್ತ ಮುಖ ತಿರುಗಿಸಿತು, ನಾನು ಇನ್ನೊಮ್ಮೆ ಕರೆದೆ, ಹೊಲದ ಆಚೆಗೆ ಕೇಳುವ ಹಾಗೆ ಕರೆದೆ, ಹೀರಾಮ — ಅಂಜೂರದ ಮರ, ಹೀರಾಮ, ನೀಲಿ ಅಂಗಿ, ಬೆನ್ನು, ನೀಲಿ ಬೆನ್ನು