ಒಂಬತ್ತು ನಂಬರಿನ ಷೂ

"ಕಾಲು ಇಲ್ಲಿಡಿ ಅಮ್ಮಾ," ಎಂದು ಅಂಗಡಿಯ ಹುಡುಗಿ ಅಳತೆಯ ಹಲಗೆ ಮುಂದಿಟ್ಟಳು. ಹೊಲಿಗೆಯಮ್ಮ ಬಾಯಿಬಿಟ್ಟ ಹಳೆಯ ಷೂವನ್ನು ಸಂಕೋಚದಿಂದ ಕಳಚಿದಳು. ಊರವರ ಅಳತೆಯನ್ನೆಲ್ಲ ತೆಗೆದವಳ ಕಾಲನ್ನು ಇದುವರೆಗೆ ಯಾರೂ ಅಳೆದಿರಲಿಲ್ಲ.

"ಐದು ನಂಬರ್. ಕಪ್ಪು, ಕಂದು, ನೀಲಿ, ಯಾವ್ದು ಕೊಡ್ಲಿ?"

"ನಮ್ ಕಾಲದಲ್ಲಿ ಕಂದು ಒಂದೇ ಇತ್ತಮ್ಮ. ಅದೂ ಬಂದ್ರೆ ಬಂತು."

ಆಗ ಊರಿಗೆಲ್ಲ ಒಂದೇ ಸರ್ಕಾರಿ ಅಂಗಡಿ. ಗಂಡಸರಿಗೂ ಹೆಂಗಸರಿಗೂ ಒಂದೇ ಬಗೆಯ ಷೂ. ಎಲ್ಲೋ ಮೇಲೆ ಕೂತವರು ಇಷ್ಟು ಜೋಡಿ ಎಂದು ಲೆಕ್ಕ ಹಾಕಿ ಕಳಿಸುತ್ತಿದ್ದರೇ ಹೊರತು ಯಾರ ಪಾದ ಎಷ್ಟುದ್ದ ಎಂದು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಸಾಲಿನಲ್ಲಿ ನಿಂತು ಕೈಗೆ ಸಿಕ್ಕಿದ್ದನ್ನು ಕೊಳ್ಳಬೇಕು, ಆಮೇಲೆ ಅಂಗಳದಲ್ಲಿ ಪೆಟ್ಟಿಗೆ ಎತ್ತಿ ಹಿಡಿದು ಕೂಗಬೇಕು. "ಒಂಬತ್ತಿದೆ, ಐದು ಕೊಡೋರು ಯಾರಾದ್ರೂ ಇದ್ದೀರಾ?" ಎಂದು ಅವಳು ಗಂಟಲು ಹರಿಯುವಂತೆ ಕೂಗಿದ ದಿನ, ಉದ್ದನೆಯ ಅಂಚೆಯವನೊಬ್ಬ ಜನರನ್ನು ಸರಿಸಿಕೊಂಡು ಬಂದ. "ನಿಮ್ಮನ್ನೇ ಹುಡುಕ್ತಿದ್ದೆ ಕಣ್ರೀ," ಅಂದ. ಮುಂದಿನ ಸಲವೂ ಹುಡುಕಿಕೊಂಡು ಬಂದ. ಕೊನೆಗೆ ಹುಡುಕುವ ತಾಪತ್ರಯವೇ ಬೇಡವೆಂದು ಇಬ್ಬರೂ ಮದುವೆಯಾದರು.

ಆ ಕಾಲವೇ ಚೆನ್ನಾಗಿತ್ತು ಎಂದು ಅವಳೇನೂ ಹೇಳುವವಳಲ್ಲ. ಅದಲು ಬದಲಿಗೆ ಯಾರೂ ಸಿಗದ ವರ್ಷ ನಾಲ್ಕು ನಂಬರಿಗೆ ಕಾಲು ತುರುಕಿದ್ದರ ಆಣಿ ಇನ್ನೂ ಕಿರುಬೆರಳ ಮೇಲಿದೆ. ಆದರೆ ಅಂಚೆಯವನು ತೀರಿಕೊಂಡ ಮೇಲೆ ಅವಳಿಗೆ ಮಾತಿಗೊಂದು ಜೀವವಿರಲಿಲ್ಲ. ಎಲ್ಲರಿಗೂ ಅವರವರ ಅಳತೆಯದೇ ಸಿಗುವಾಗ ಯಾರು ಯಾರನ್ನು ಹುಡುಕುತ್ತಾರೆ?

"ಒಂಬತ್ತು ಕೊಡಮ್ಮ. ಕಂದು."

"ನಿಮ್ದು ಐದಲ್ವಾ? ಯಜಮಾನ್ರಿಗಾ?"

"ಅವರಿಲ್ಲ."

ಹುಡುಗಿ ಒಳಗೆ ಹೋದಳು. ಪೆಟ್ಟಿಗೆ ತಂದುಕೊಟ್ಟು ಮೆಲ್ಲಗೆ ಹೇಳಿದಳು: "ಸರಿಹೋಗ್ಲಿಲ್ಲ ಅಂದ್ರೆ ತಗೊಂಡ್ಬನ್ನಿ ಅಮ್ಮಾ. ನಾವೇ ಬದಲಾಯಿಸ್ಕೊಡ್ತೀವಿ."

"ಬೇಡ ತಾಯಿ, ನಾನೇ ನೋಡ್ಕೋತೀನಿ."

ಬಾಯಿಬಿಟ್ಟ ಷೂವನ್ನೇ ಮತ್ತೆ ಮೆಟ್ಟಿಕೊಂಡು ಹೊರಗೆ ಬಂದು ಅವಳು ಮೆಟ್ಟಿಲ ಮೇಲೆ ನಿಂತಳು. ಪೆಟ್ಟಿಗೆಯ ನಂಬರು ಹೊರಗೆ ಕಾಣುವಂತೆ ಎದೆಗೆ ಹಿಡಿದುಕೊಂಡಳು. ಹಿಂದಿನಂತೆ ಕೂಗಲೆಂದು ಗಂಟಲು ಸರಿಮಾಡಿಕೊಂಡಳು, ಆದರೆ ಕೂಗಲಿಲ್ಲ. ಜನ ಬರುತ್ತಿದ್ದರು, ಹೋಗುತ್ತಿದ್ದರು. ಉದ್ದನೆಯವನೊಬ್ಬ ಅವಳ ಮುಂದೆ ಬಂದು ನಿಂತ. ಅವಳ ಕಣ್ಣು ಅವನ ಕಾಲಿನತ್ತ ಹೋಯಿತು.

"ಸ್ವಲ್ಪ ದಾರಿ ಬಿಡ್ತೀರಾ ಅಮ್ಮಾ?"

ಅವಳು ಪಕ್ಕಕ್ಕೆ ಸರಿದಳು. ಆಮೇಲೆ ಪೆಟ್ಟಿಗೆಯನ್ನು ಇನ್ನೊಂದಿಷ್ಟು ಮೇಲಕ್ಕೆತ್ತಿ ಹಿಡಿದಳು.