ಒಂದೇ ತಟ್ಟೆಯ ಜೀವಕೋಶಗಳು

"ಸ್ವಲ್ಪ ದಾರಿ ಬಿಡಿ, ದಾರಿ ಬಿಡಿ," ಎನ್ನುತ್ತ ಗುಂಗುರು ಜನರನ್ನು ಸರಿಸಿ ಪ್ರೊಫೆಸರರನ್ನು ಒಳಗೆ ಕರೆತಂದ. ದರ್ಜಿ ಎದ್ದು ನಿಂತ. ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದವಳು ಅವನ ಹೆಂಡತಿ. ಇಪ್ಪತ್ತಾರು ವರ್ಷ ಈ ಪ್ರೊಫೆಸರರ ಪ್ರಯೋಗಾಲಯದಲ್ಲಿ ದುಡಿದವಳು. ಮೊದಲ ಹದಿನೈದು ವರ್ಷ ಜೀವಕೋಶಗಳನ್ನು ಬೆಳೆಸಿದಳು. ಉಳಿದ ಹನ್ನೊಂದು ವರ್ಷ ಗಾಜಿನ ಸಾಮಾನು ತೊಳೆದಳು.

ಗುಂಗುರು ಅವಳ ಕೈಕೆಳಗೆ ಕೆಲಸ ಕಲಿತವನು. ತಲೆಯಲ್ಲಿ ಈಗ ಒಂದೆಳೆ ಕೂದಲಿಲ್ಲ, ಆದರೂ ಹೆಸರು ಮಾತ್ರ ಗುಂಗುರೇ. ಅವಳನ್ನು ಅಕ್ಕ, ದರ್ಜಿಯನ್ನು ಭಾವ ಅಂತ ಕರೆದು ವಾರಕ್ಕೆರಡು ಸಲವಾದರೂ ಇದೇ ಮನೆಯಲ್ಲಿ ಉಂಡು ಹೋಗುತ್ತಿದ್ದ. ಬೆಳಗಿನಿಂದ ಕುರ್ಚಿ ತರಿಸಿದ್ದು, ಗಾಡಿಗೆ ಹೇಳಿದ್ದು ಎಲ್ಲ ಅವನೇ. ಒಡಹುಟ್ಟಿದವನೂ ಇಷ್ಟು ಮಾಡುತ್ತಿರಲಿಲ್ಲವೆಂದು ದರ್ಜಿ ಆಗಲೇ ಎರಡು ಸಲ ಕಣ್ಣೊರೆಸಿಕೊಂಡಿದ್ದ.

ಪ್ರೊಫೆಸರರು ಹೂವಿಟ್ಟು ದರ್ಜಿಯ ಪಕ್ಕ ಕೂತರು. ಸಾವಿನ ಮನೆಯಲ್ಲೂ ಬಾಯಿ ಸುಮ್ಮನಿರದ ಮನುಷ್ಯ.

"ನಿಮ್ಮ ಮನೆಯವರು ಪಳಗಿಸಿದ ಹುಡುಗ ಇವನು. ಇವತ್ತು ಎಷ್ಟು ದೊಡ್ಡ ಹೆಸರು ಮಾಡಿದಾನೆ ಗೊತ್ತೇನ್ರಿ?"

"ಏನು ಮಾಡಿದಾನೆ, ಸಾರ್?"

"ಲೇಸರ್ ಬೆಳಕನ್ನೇ ಚಿಮುಟದ ಹಾಗೆ ಮಾಡಿ ಜೀವಕೋಶ ಹಿಡಿದು ನಿಲ್ಲಿಸ್ತೀವಲ್ಲ, ಅದರಿಂದ ಏನೂ ಆಗಲ್ಲ ಅಂತಿದ್ವಿ. ತಪ್ಪು. ಆ ಬೆಳಕೇ ಒಳಗೊಳಗೆ ಕೆಡಿಸುತ್ತೆ. ಇವನು ತೋರಿಸ್ಕೊಟ್ಟ. ಎಷ್ಟು ಸುಲಭದ ಉಪಾಯ ನೋಡಿ: ಒಂದೇ ತಟ್ಟೆಯಲ್ಲಿ ಕೆಲವನ್ನ ಹಿಡಿಯೋದು, ಕೆಲವನ್ನ ಮುಟ್ಟದೆ ಬಿಡೋದು. ಮಾರನೇ ದಿನ ಯಾವುದು ಒಡೆದು ಎರಡಾಗಿದೆ ಅಂತ ನೋಡೋದು."

ಈ ಮಾತನ್ನು ದರ್ಜಿ ಹಿಂದೆ ಕೇಳಿದ್ದ, ಇದೇ ಮನೆಯಲ್ಲಿ.

* * *

ಹನ್ನೊಂದು ವರ್ಷದ ಹಿಂದೆ. ಅವನು ಕೋಟಿನ ತೋಳು ಹೊಲಿಯುತ್ತಿದ್ದಾಗ ಅವಳು ಚಪ್ಪಲಿಯನ್ನೂ ಬಿಡದೆ ಬಂದು ಎದುರು ಕೂತಳು.

"ಲೇಸರ್ ತಾಗಿದ ಜೀವಕೋಶ ಸಾಯ್ತಿವೆ ರೀ. ಪ್ರೊಫೆಸರ್ ಹತ್ತು ನಿಮಿಷ ನೋಡಿ, ಬದುಕಿದೆ ಅಂತ ಬರ್ಕೊಂಡು ಎದ್ದು ಹೋಗ್ತಾರೆ. ನಾನು ಮಾರನೇ ದಿನದವರೆಗೂ ಇಟ್ಟು ನೋಡ್ದೆ. ಒಂದೂ ಬೆಳೆದಿಲ್ಲ. ಪಕ್ಕದಲ್ಲೇ ಬೆಳಕು ತಾಗದೆ ಇರೋವು ಚೆನ್ನಾಗಿವೆ."

"ಹೇಳಿದ್ಯಾ ಅವರಿಗೆ?"

"ಹೇಳ್ದೆ. ನಿನ್ನ ಕೈ ಗಲೀಜು, ಅದಕ್ಕೇ ಸತ್ತಿವೆ ಅಂದ್ರು. ನಾಳೆಯಿಂದ ತೊಳೆಯೋ ಕೋಣೆಗೆ ಹೋಗ್ಬೇಕಂತೆ. ಕೈ ಗಲೀಜಾಗಿದ್ರೆ ಪಕ್ಕದವೂ ಸಾಯಬೇಕಲ್ವಾ? ಒಂದೇ ತಟ್ಟೆ ರೀ, ಒಂದೇ ನೀರು!"

ಬಟ್ಟೆಯ ಮೇಲಿನ ಕಲೆ ಇಸ್ತ್ರಿ ಸುಟ್ಟದ್ದೋ ನೇಯುವಾಗ ಬಂದದ್ದೋ ಎಂದು ದೂರದಿಂದಲೇ ಹೇಳಬಲ್ಲ ದರ್ಜಿಗೆ ಇದು ಅರ್ಥವಾಗದ ಮಾತೇನಲ್ಲ. ಆದರೆ ಆ ಮಹರಾಯ ಮಾಡಿದ್ದೇನು? ಸೂಜಿಗೆ ದಾರ ಪೋಣಿಸುತ್ತ, "ಅಷ್ಟು ಓದಿದವರು ಸುಳ್ಳು ಹೇಳ್ತಾರೇನೇ? ಎಲ್ಲೋ ನಿನ್ನಿಂದಲೇ ಎಡವಟ್ಟಾಗಿರುತ್ತೆ. ಸುಮ್ನೆ ಹೇಳಿದ ಕಡೆ ಹೋಗು," ಅಂದ.

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಒಲೆ ಹಚ್ಚಿದಳು. ಆ ವಿಷಯ ಮತ್ತೆ ಎತ್ತಲಿಲ್ಲ.

* * *

ದರ್ಜಿ ಗುಂಗುರುವಿನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದ.

"ಆ ಉಪಾಯ ಯಾರದ್ದೋ?"

"ಭಾವ, ಇವತ್ತು ಬೇಡ..."

"ಇವತ್ತೇ ಬೇಕು. ಯಾರದ್ದು?"

"ಅಕ್ಕಂದು."

"ಅವಳ ಕೈ ಗಲೀಜು ಅಂದಿದ್ಯಾರು?"

"ಪ್ರೊಫೆಸರ್ ಬರೆದ್ರು. ನಾನು... ನಾನು ಕಣ್ಣಾರೆ ಕಂಡಿದ್ದೀನಿ ಅಂತ ಸಹಿ ಹಾಕ್ದೆ. ಹಾಕದಿದ್ರೆ ಕೆಲಸ ಹೋಗ್ತಿತ್ತು ಭಾವ."

ದರ್ಜಿಗೆ ಮೈಯೆಲ್ಲ ಉರಿದುಹೋಯಿತು. "ಥೂ! ಅದೇ ಕೈಯಲ್ಲಿ ಬಡಿಸಿಕೊಂಡು ತಿಂದ್ಯಲ್ಲೋ, ಇಷ್ಟು ವರ್ಷ! ಅವಳಿಗೆ ಗೊತ್ತಾಗಿದ್ದಿದ್ರೆ..."

"ಗೊತ್ತಿತ್ತು." ಗುಂಗುರು ಬಿಕ್ಕುತ್ತಿದ್ದ. "ಮಾರನೇ ವಾರವೇ ನಾನೇ ಹೇಳಿ ಕಾಲಿಗೆ ಬಿದ್ದೆ. ಭಾವನಿಗೆ ಹೇಳಿ ನನ್ನ ಆಚೆ ಹಾಕ್ಸಿ ಅಂದೆ. ನಿನ್ನ ಭಾವನಿಗೆ ಒಂದ್ಸಲ ಹೇಳಿ ನೋಡಾಯ್ತು ಬಿಡು, ಊಟಕ್ಕೆ ಕೂರು, ಅಂದ್ರು ಅಕ್ಕ."

ರಟ್ಟೆ ಹಿಡಿದಿದ್ದ ಕೈ ತಾನಾಗಿ ಸಡಿಲವಾಯಿತು. ಇಷ್ಟು ಹೊತ್ತು ಬೈಯಲು ಒಬ್ಬ ಸಿಕ್ಕಿದ್ದ. ಈಗ ಯಾರನ್ನು ಬೈಯುವುದು?

"ಗಾಡಿ ಬಂತು," ಎಂದು ಹೊರಗಿನಿಂದ ಯಾರೋ ಕೂಗಿದರು. ದರ್ಜಿ ನಡುಮನೆಗೆ ನುಗ್ಗಿದ. ಅವಳು ಹೊಸ್ತಿಲು ದಾಟುವ ಮೊದಲು ಇಷ್ಟು ಜನರೆದುರು ಆ ಅಪವಾದ ತೊಲಗಲೇಬೇಕು.

"ಎತ್ತಬೇಡಿ! ಪ್ರೊಫೆಸರರು ಹೇಳಿದ ಉಪಾಯ ನನ್ನ ಹೆಂಡತಿಯದು. ಇವರು ಅವಳ ಕೈ ಗಲೀಜು ಅಂತ ಬರೆದ್ರು, ಗುಂಗುರು ಸಹಿ ಹಾಕ್ದ, ನಾನು ನಂಬಿದೆ. ಅವಳು ಹೇಳಿದ್ದೇ ನಿಜ. ಹೇಳೋ ಗುಂಗುರು, ಎಲ್ಲರಿಗೂ ಹೇಳು!"

ಗುಂಗುರು ಪ್ರೊಫೆಸರರತ್ತ ನೋಡಿದ. ಆಮೇಲೆ ತಲೆ ತಗ್ಗಿಸಿದ. ಬಾಯಿ ಬಿಡಲೇ ಇಲ್ಲ, ಪುಣ್ಯಾತ್ಮ!

"ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಿದಾರೆ," ಎಂದರು ಪ್ರೊಫೆಸರರು ಮೆತ್ತಗೆ. "ಕುಡಿಯೋಕೆ ನೀರು ಕೊಡಿ ಯಾರಾದ್ರೂ."

ಜನ ಹೌದೌದೆಂದು ತಲೆಯಾಡಿಸಿದರು. ಯಾರೋ ಲೋಟ ಹಿಡಿದು ಬಂದರು. ಗಾಡಿಯಿಂದ ತಂದ ಸ್ಟ್ರೆಚರಿನ ಮೇಲೆ ಅವಳನ್ನು ಮಲಗಿಸಿದರು. ಗುಂಗುರು ಸದ್ದಿಲ್ಲದೆ ಹೋಗಿ ಅದರ ಮುಂದಿನ ಹಿಡಿಕೆ ಹಿಡಿದ.

ದರ್ಜಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಹಾಗಾದ್ರೆ ನೀವೇ ಹಿಡೀರಿ ಯಜಮಾನ್ರೇ," ಎಂದ ಗಾಡಿಯ ಚಾಲಕ.

ದರ್ಜಿ ಬಗ್ಗಿದ. ಅಂದು ಅವಳ ಮಾತಿನ ನಡುವೆ ಸೂಜಿಗೆ ದಾರ ಪೋಣಿಸುತ್ತಿದ್ದ ಅದೇ ಕೈ ಹಿಡಿಕೆಯ ಹತ್ತಿರ ಹೋಗಿ ನಿಂತಿತು. ಅವನು ಅದನ್ನು ಹಿಂದಕ್ಕೆಳೆದುಕೊಂಡು ಗೋಡೆಗೆ ಸರಿದು ನಿಂತ. ಚಾಲಕ ತನ್ನ ಜೊತೆಗಾರನನ್ನು ಕೂಗಿ ಕರೆದ. ಅವಳನ್ನು ಒಂದು ದಿನವೂ ಕಂಡಿರದ ಇಬ್ಬರು, ಕಾಲು ಎಡವದಂತೆ ನೋಡಿಕೊಳ್ಳುತ್ತ, ಅವಳನ್ನು ಜೋಪಾನವಾಗಿ ಮೆಟ್ಟಿಲಿಳಿಸಿದರು.