ಗೋಡೆ ಬೆವರುವ ಕಾಲದ ಸಾರು

ದಕ್ಷಿಣ ಚೀನಾದ ಫೋಶಾನ್ ಊರಿನಲ್ಲಿ ಚಳಿ ಮುಗಿದು ತೆಂಕಣ ಗಾಳಿ ತಿರುಗಿತೆಂದರೆ ಮನೆಯ ಗೋಡೆಗಳೇ ಬೆವರತೊಡಗುತ್ತವೆ. ಆ ವರ್ಷವಂತೂ ನೆಲದ ಮೇಲೆ ಕಾಲಿಟ್ಟರೆ ಜಾರುತ್ತಿತ್ತು. ಒಗೆದ ಬಟ್ಟೆ ಹಗ್ಗದ ಮೇಲೆಯೇ ಮುಗ್ಗಲು ವಾಸನೆ ಹಿಡಿಯುತ್ತಿತ್ತು. ಕ್ವಾನ್ ಸಾವ್‌ಪಿಂಗ್ ಬೆಳಗ್ಗೆ ಎದ್ದು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಕಿಟಕಿಗಳನ್ನೆಲ್ಲ ಮುಚ್ಚುವುದು. ಅವಳ ಸೊಸೆ ಬಿಂಗ್‌ಯಾನ್ ಎದ್ದು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಅವನ್ನು ತೆರೆಯುವುದು.

"ಉಸಿರು ಕಟ್ಟಿದ ಹಾಗಾಗುತ್ತೆ ಅಮ್ಮ. ಒಂದೇ ಒಂದು ಕಿಟಕಿ ಇರ್ಲಿ ಬಿಡಿ."

"ಒಂದೇ ಸಾಕು, ಮಂಚದ ಕೆಳಗೆ ಮೀನು ಸಾಕಬಹುದು. ಇದೇನು ಉತ್ತರದ ನಿಮ್ಮ ಹಾರ್ಬಿನ್ ಅಂದ್ಕೊಂಡ್ಯಾ? ಇಲ್ಲಿಯ ಗಾಳಿ ಮೂಳೆಯೊಳಗೇ ಇಳಿಯುತ್ತೆ. ಎಲ್ಲಿ, ನಾಲಿಗೆ ತೋರಿಸು."

ಬಿಂಗ್‌ಯಾನ್ ನಾಲಿಗೆ ಚಾಚಿದಳು. ಮದುವೆಯಾಗಿ ಬಂದ ಮೇಲೆ ಇದೊಂದು ಅಭ್ಯಾಸವಾಗಿಹೋಗಿತ್ತು. ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು.

"ನೋಡು, ಮೇಲೆ ಬೆಳ್ಳಗೆ ಪದರ ಕಟ್ಟಿದೆ. ಅಂಚಿನಲ್ಲೆಲ್ಲ ಹಲ್ಲಿನ ಗುರುತು. ಮೈ ತುಂಬ ತೇವ ತುಂಬ್ಕೊಂಡಿದೆ ಕಣೆ ನಿಂಗೆ!"

ಸಾವ್‌ಪಿಂಗ್‌ಳ ಅಡುಗೆಮನೆಯಲ್ಲಿ ವರ್ಷದ ಒಂದೊಂದು ಕಾಲಕ್ಕೂ ಒಂದೊಂದು ಪಾತ್ರೆಯಿತ್ತು. ಶರತ್ಕಾಲದ ಒಣಗಾಳಿಗೆ ಗಂಟಲು ಕೆರೆಯದಂತೆ ಮರಸೇಬು ಬೇಯಿಸುತ್ತಿದ್ದಳು. ಚಳಿಗೆ ಶುಂಠಿ ಹಾಕಿದ ಕುರಿಮಾಂಸ. ಈ ಬೆವರುವ ಕಾಲಕ್ಕೆ ಯೀಮಾಯ್ ಎಂಬ ದಪ್ಪ ಬಿಳಿ ಕಾಳು ಮತ್ತು ಸಣ್ಣ ಕೆಂಪು ಕಾಳನ್ನು ಕೂಡಿಸಿ, ಕಾಳು ಬಾಯಿ ಬಿಡುವವರೆಗೆ ಕುದಿಸಿ ಚೂರು ಬೆಲ್ಲ ಬೆರೆಸಿದ ಸಾರು. ಅದು ಮೈಯ ತೇವವನ್ನು ಹಿಂಡಿ ತೆಗೆಯುತ್ತದೆಂದು ಅವಳ ತಾಯಿ ಹೇಳಿದ್ದಳು, ತಾಯಿಗೆ ಅವಳ ತಾಯಿ.

ಬಿಂಗ್‌ಯಾನ್‌ಗೆ ಕೆಲವು ವಾರಗಳಿಂದ ಮೈ ಭಾರ. ಅನ್ನ ಕಂಡರೆ ಆಗುತ್ತಿರಲಿಲ್ಲ. ಕೆಲಸ ಮಾಡುವ ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಕಣ್ಣು ಎಳೆಯುತ್ತಿತ್ತು. ಅತ್ತೆಗೆ ಇನ್ನೇನು ಬೇಕು? ದಿನಾ ಬೆಳಗ್ಗೆ ಸಾರನ್ನು ಫ್ಲಾಸ್ಕಿಗೆ ತುಂಬಿ ಸೊಸೆಯ ಚೀಲಕ್ಕೆ ಇಳಿಸತೊಡಗಿದಳು.

ಮೊದಲ ದಿನ ಎರಡು ಗುಟುಕು ಕುಡಿದ ಬಿಂಗ್‌ಯಾನ್ ಬಾಯಿ ಮುಚ್ಚಿಕೊಂಡು ಅಂಗಡಿಯ ಹಿಂಬದಿಗೆ ಓಡಿದ್ದಳು. ಮರುದಿನದಿಂದ ಫ್ಲಾಸ್ಕು ಅಂಗಡಿಯ ಲಾರಿ ಡ್ರೈವರ್ ತಾಮ್‌ನ ಪಾಲಾಯಿತು. ಅವನು ನಿಂತಲ್ಲೇ ಮುಗಿಸಿ, ತಳದ ಕಾಳನ್ನೂ ಚಮಚದಿಂದ ಕೆರೆದು ತಿನ್ನುತ್ತಿದ್ದ.

"ನಿಮ್ಮತ್ತೆ ಕೈಗುಣ ದೊಡ್ಡದು ತಂಗಿ. ಮಂಡಿನೋವು ಅರ್ಧ ಹೋಯ್ತು ನೋಡು. ನಾಳೆ ಒಂಚೂರು ಬೆಲ್ಲ ಜಾಸ್ತಿ ಹಾಕೋಕೆ ಹೇಳ್ತೀಯಾ?"

"ನಾನು ಹೇಗೆ ಹೇಳ್ಲಿ ತಾಮಣ್ಣ? ಕುಡಿಯೋದು ನಾನು ಅಂದ್ಕೊಂಡಿದಾರೆ ಅವರು."

ಸಂಜೆ ಖಾಲಿ ಫ್ಲಾಸ್ಕು ಕಂಡಾಗ ಅತ್ತೆಯ ಮುಖ ಅರಳುತ್ತಿದ್ದ ಪರಿಗೆ ಬಿಂಗ್‌ಯಾನ್‌ಳ ಬಾಯಿ ಕಟ್ಟಿಹೋಗುತ್ತಿತ್ತು. ಎರಡು ವರ್ಷದ ಹಿಂದೆ ಅವಳ ಹೊಟ್ಟೆಯ ಕೂಸು ಮೂರನೇ ತಿಂಗಳಿಗೇ ಕಳೆದುಹೋದಾಗ, ತಿಂಗಳುಗಟ್ಟಲೆ ಅವಳ ಹಾಸಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತವಳು ಈ ಅತ್ತೆ. ಒಂದು ಮಾತೂ ಎತ್ತಿ ಆಡಿರಲಿಲ್ಲ. ಆಮೇಲೂ ಆ ಮನೆಯಲ್ಲಿ ಮಗುವಿನ ಮಾತು ಯಾರೂ ತೆಗೆಯುತ್ತಿರಲಿಲ್ಲ. ಅಂಥವಳಿಗೆ 'ನಿಮ್ಮ ಸಾರು ಬೇಡ' ಎನ್ನುವುದು ಹೇಗೆ?

ಆದರೆ ಸಾರು ಕುಡಿಸಿದಷ್ಟೂ ಸೊಸೆ ಸೊರಗುತ್ತಿದ್ದುದು ಸಾವ್‌ಪಿಂಗ್‌ಳ ಕಣ್ಣಿಗೆ ಬೀಳದಿರುತ್ತದೆಯೇ? ಮಗ ವಿಂಗ್‌ಶುನ್ ಕೆಲಸದ ಮೇಲೆ ನಾನ್ನಿಂಗ್‌ಗೆ ಹೋಗಿದ್ದ. ಒಂದು ರಜೆಯ ದಿನ ಅವಳು ತಾನೇ ಸೊಸೆಯನ್ನು ಎಳೆದುಕೊಂಡು ಮಾರುಕಟ್ಟೆಯ ಹಿಂದಿನ ಗಲ್ಲಿಯ ಔಯೂಂಗ್ ವೈದ್ಯರ ಬಳಿಗೆ ನಡೆದಳು.

ವೈದ್ಯರು ಬಿಂಗ್‌ಯಾನ್‌ಳ ಮಣಿಕಟ್ಟನ್ನು ಪುಟ್ಟ ದಿಂಬಿನ ಮೇಲಿಟ್ಟು ಮೂರು ಬೆರಳು ಒತ್ತಿ ಕಣ್ಣು ಮುಚ್ಚಿದರು. ಬಲಗೈ ಆಯಿತು, ಎಡಗೈ ಆಯಿತು. ಮತ್ತೆ ಬಲಗೈ ಕೇಳಿದರು.

"ಮುಟ್ಟು ಯಾವಾಗ ಆಗಿದ್ದಮ್ಮ?"

"ನಂಗೆ ಯಾವಾಗ್ಲೂ ಹಿಂದೆಮುಂದೆ ಡಾಕ್ಟ್ರೇ. ಲೆಕ್ಕ ಇಡೋದು ಬಿಟ್ಬಿಟ್ಟಿದೀನಿ."

"ನಾಡಿ ಬೆರಳ ಕೆಳಗೆ ಮಣಿ ಉರುಳಿದ ಹಾಗೆ ಓಡ್ತಿದೆ. ನಂಗೆ ಇದು ತೇವದ ಕಾಯಿಲೆ ಅನ್ನಿಸಲ್ಲ. ಬೆರಳನ್ನೇ ನಂಬ್ಕೊಂಡು ಕೂರಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ." ಅವರು ಸಾವ್‌ಪಿಂಗ್‌ಳ ಕಡೆ ತಿರುಗಿದರು. "ಅಕ್ಕ, ಮನೇಲಿ ಏನು ಕೊಡ್ತಿದೀರಿ ಇವಳಿಗೆ?"

"ಯೀಮಾಯ್ ಸಾರು. ದಿನಾ."

"ಅದನ್ನ ಇವತ್ತಿಗೆ ನಿಲ್ಲಿಸಿ. ಕಾಲ ನೋಡಿ ಅಡುಗೆ ಮಾಡೋದು ಸರಿಯೇ. ತಿನ್ನೋರು ಯಾರು ಅಂತಲೂ ನೋಡ್ಬೇಕಲ್ವಾ? ಬಸುರಿಯರಿಗೆ ಯೀಮಾಯ್ ಕೊಡಬಾರದು ಅಂತ ನಮ್ಮ ಹಿರಿಯರು ಹೇಳ್ಕೊಂಡು ಬಂದಿದಾರೆ."

ಅವರು ಮೆತ್ತಗೆಯೇ ಹೇಳಿದ್ದರು. ಆದರೂ ಸಾವ್‌ಪಿಂಗ್ ಗಡಬಡಿಸಿ ಎದ್ದು, ಕೊಡೆ ಎತ್ತಿಕೊಂಡು ಸೊಸೆಯೊಡನೆ ಆಸ್ಪತ್ರೆಯ ದಾರಿ ಹಿಡಿದಳು.

ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು, ಬಸುರು ಹೌದೆಂದು ಗೊತ್ತಾಗಿ, ಸ್ಕ್ಯಾನಿಂಗ್‌ಗೆ ಇಬ್ಬರೂ ಬೆಂಚಿನ ಮೇಲೆ ಕಾದು ಕೂತರು. ಬಿಂಗ್‌ಯಾನ್‌ಗೆ ಸಂತೋಷಪಡಲೂ ಹೆದರಿಕೆ. ಹಿಂದಿನ ಸಲವೂ ಇಂಥದೇ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಹೋದಾಗ ಪರದೆಯ ಮೇಲೆ ಏನೂ ಮಿಡಿಯುತ್ತಿರಲಿಲ್ಲ. ಈಗ ಪಕ್ಕಕ್ಕೆ ತಿರುಗಿದರೆ, ಮಾರುಕಟ್ಟೆಯಲ್ಲಿ ಮೀನಿನವನ ಬಾಯಿ ಮುಚ್ಚಿಸುವ ಅತ್ತೆ ಕೊಡೆಯ ಹಿಡಿಯನ್ನು ಹಿಂಡುತ್ತ ಮುದುಡಿ ಕೂತಿದ್ದಾಳೆ.

"ನನ್ನ ಕೈಯಾರೆ ಮಾಡಿದೆ," ಎಂದಳು ಸಾವ್‌ಪಿಂಗ್, ಯಾರಿಗೋ ಎಂಬಂತೆ. "ದಿನಾ ಬೆಳಗ್ಗೆ ಎದ್ದು ನಾನೇ ಕುದಿಸಿದೆ. ಮೂರು ಮಕ್ಕಳ ಹೆತ್ತವಳು ನಾನು, ಸೊಸೆ ಮುಖ ನೋಡಿ ಗೊತ್ತಾಗಲಿಲ್ವಲ್ಲ! ಆ ಕೂಸಿಗೆ ಏನಾದ್ರೂ ಆದ್ರೆ ವಿಂಗ್‌ಶುನ್ ಮುಂದೆ ಹೇಗೆ ನಿಲ್ಲಲಿ? ನಿನ್ನ ಮುಂದೆ ಹೇಗೆ ನಿಲ್ಲಲಿ?"

ಬಿಂಗ್‌ಯಾನ್ ಅವಳ ಕೈ ಹಿಡಿದಳು. ಇನ್ನು ಬಚ್ಚಿಡುವುದು ಪಾಪವೆನಿಸಿತು.

"ಅಮ್ಮ, ನಾನು ಕುಡೀಲೇ ಇಲ್ಲ."

"ಏನು?"

"ಸಾರು. ಮೊದಲ ದಿನ ಎರಡು ಗುಟುಕು, ಅದೂ ವಾಂತಿಯಾಯ್ತು. ಆಮೇಲೆ ಒಂದು ತೊಟ್ಟೂ ಕುಡಿದಿಲ್ಲ. ತಪ್ಪಾಯ್ತು ಅಮ್ಮ."

ಸಾವ್‌ಪಿಂಗ್ ಅವಳನ್ನೇ ದಿಟ್ಟಿಸಿದಳು. "ದಿನಾ ಫ್ಲಾಸ್ಕು ಖಾಲಿ ಬರ್ತಿತ್ತು?"

"ನಮ್ಮ ಲಾರಿ ಡ್ರೈವರ್ ತಾಮ್ ಕುಡೀತಿದ್ದ."

"ಆ ಗುಡಾಣದ ಹೊಟ್ಟೆಯವನಾ? ನಾನು ಒಂದೊಂದೇ ಕಾಳು ಆರಿಸಿ, ಹುರಿದು, ಕುದಿಸಿದ್ದು ಅವನಿಗಾ?"

"ಮಂಡಿನೋವು ಅರ್ಧ ಹೋಯ್ತಂತೆ," ಎಂದಳು ಬಿಂಗ್‌ಯಾನ್ ಸಣ್ಣ ದನಿಯಲ್ಲಿ. "ಬೆಲ್ಲ ಮಾತ್ರ ಕಮ್ಮಿಯಂತೆ."

ಸಾವ್‌ಪಿಂಗ್‌ಳ ಬಾಯಿ ತೆರೆದುಕೊಂಡಿತು. ಬೈಗುಳ ಬರುತ್ತದೆಂದು ಬಿಂಗ್‌ಯಾನ್ ತಲೆ ತಗ್ಗಿಸಿದಳು. ಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಎದುರು ಬೆಂಚಿನವರೆಲ್ಲ ತಿರುಗಿ ನೋಡುವಂತೆ ನಕ್ಕಳು. ನಗು ಎಲ್ಲಿ ಅಳುವಾಯಿತೋ ತಿಳಿಯಲಿಲ್ಲ. ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಕಳ್ಳಿ! ಎಂಥ ಒಳ್ಳೆ ಕಳ್ಳೀನ ಮನೆ ತುಂಬಿಸ್ಕೊಂಡಿದೀನಿ ನಾನು! ಬಾಯಿಗೆ ಸೇರಲ್ಲ ಅಂತ ಹೇಳೋಕೆ ಏನಾಗಿತ್ತೆ ನಿಂಗೆ?"

"ಖಾಲಿ ಫ್ಲಾಸ್ಕು ನೋಡಿದಾಗ ನಿಮ್ಮ ಮುಖ ಹೇಗಾಗುತ್ತೆ ಅಂತ ನಿಮಗೆ ಗೊತ್ತಿಲ್ಲ ಅಮ್ಮ."

ಅಷ್ಟರಲ್ಲಿ ನರ್ಸು ಹೆಸರು ಕೂಗಿದಳು.

ಒಳಗೆ ಕತ್ತಲು. ಹೊಟ್ಟೆಯ ಮೇಲೆ ತಣ್ಣನೆಯ ಲೇಪ. ಬಿಂಗ್‌ಯಾನ್ ಪರದೆ ನೋಡಲಾರದೆ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರಮ್ಮ ಆ ಕಡೆ ಈ ಕಡೆ ಹುಡುಕಿದರು. ಆಮೇಲೆ ಕೋಣೆಯ ತುಂಬ ಒಂದು ಸದ್ದು ಹರಡಿತು. ಅವಸರದ, ಗಟ್ಟಿಯಾದ ಎದೆಬಡಿತ. ಕಾಣಿಸಿಕೊಂಡದ್ದು ಅವರೆಕಾಳಿನಷ್ಟು ಜೀವ.

"ಚೆನ್ನಾಗಿದೆ," ಎಂದರು ಡಾಕ್ಟರಮ್ಮ. "ಬಡಿತ ಬಲವಾಗಿದೆ. ವಾಂತಿ, ನಿದ್ದೆ ಎಲ್ಲ ಇದರದ್ದೇ ಆಟ."

"ಎರಡು ಗುಟುಕು ಯೀಮಾಯ್ ಸಾರು ಹೋಗಿದೆ ಮೇಡಂ, ಎರಡೇ ಗುಟುಕು..." ಸಾವ್‌ಪಿಂಗ್ ಮುಂದೆ ಬಗ್ಗಿದಳು.

"ಅಷ್ಟಕ್ಕೆಲ್ಲ ಏನೂ ಆಗಲ್ಲಮ್ಮ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ, ಆಗಾಗ ಬಂದು ತೋರಿಸ್ಕೊಂಡು ಹೋಗೋದು. ಸದ್ಯಕ್ಕೆ ಇಷ್ಟೇ."

ಬಿಂಗ್‌ಯಾನ್ ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟಳು. ಎರಡು ವರ್ಷದಿಂದ ಹಿಡಿದಿದ್ದ ಉಸಿರೇ ಹೊರಬಂದಂತಿತ್ತು.

ಮನೆಗೆ ಬಂದವಳೇ ಸಾವ್‌ಪಿಂಗ್ ಸೋಫಾದ ಮೇಲೆ ಒಣಗಿದ ಚಾದರ ಹಾಸಿ ಸೊಸೆಯನ್ನು ಮಲಗಿಸಿದಳು. ವಿಂಗ್‌ಶುನ್‌ಗೆ ಫೋನು ಹೋಯಿತು. ಅವನು ಆ ಕಡೆಯಿಂದ ಮೂಗು ಸೊರಗುಟ್ಟಿಸಿದ್ದಷ್ಟೇ ಕೇಳಿಸಿತು.

"ಈಗ ಹೇಳು, ಸುಳ್ಳು ಬೇಡ. ಏನು ತಿನ್ನೋ ಆಸೆ?"

"ನಮ್ಮಮ್ಮ ಮಾಡೋ ಹುಳಿ ಬರಿಸಿದ ಕೋಸಿನ ಕಡುಬು," ಎಂದಳು ಬಿಂಗ್‌ಯಾನ್.

ಸಾವ್‌ಪಿಂಗ್ ಹಾರ್ಬಿನ್‌ಗೇ ಫೋನು ಹಚ್ಚಿದಳು. ಮೊದಲು ಇಬ್ಬರು ಬೀಗಿತ್ತಿಯರೂ ಅತ್ತರು. ಆಮೇಲೆ ಒಬ್ಬರ ಉಚ್ಚಾರ ಇನ್ನೊಬ್ಬರಿಗೆ ತಿಳಿಯದೆ ಇಬ್ಬರ ದನಿಯೂ ಏರಿತು.

"ಅಲ್ಲಿ ಇನ್ನೂ ಹಿಮ ಬೀಳ್ತಿದೆಯಾ? ಇಲ್ಲಿ ಗೋಡೆಯೇ ಬೆವರ್ತಿದೆ! ಈ ಕಾಲದಲ್ಲಿ ಅಷ್ಟು ಹುಳಿ ತಡಕೊಳ್ತಾಳಾ ನಿಮ್ಮ ಮಗಳು? ಏನು? ಶುಂಠಿ ಹಾಕಬೇಕಾ? ಶುಂಠಿ ವಿಷ್ಯ ನಂಗೆ ಹೇಳ್ತೀರಾ ನೀವು?"

ಸೋಫಾದ ಮೇಲೆ ಬಿಂಗ್‌ಯಾನ್ ಮಗ್ಗುಲು ಬದಲಿಸಿದಳು. ಹಿಟ್ಟಿಗೆ ನೀರೆಷ್ಟು ಎಂಬ ಜಗಳ ಶುರುವಾಗುವ ಹೊತ್ತಿಗೆ ಅವಳಿಗೆ ಗಾಢ ನಿದ್ದೆ ಹತ್ತಿತ್ತು.